ಕ್ರಿಸ್ ಖಡ್ಗದ ಬುಡದ ಗೀರು

ಸಾಪಿಯಾ ತನ್ನ ಮಗನ ಮದುವೆಗೆ ಹೆಣ್ಣಿನ ಕಡೆಯವರಿಗೆ ಕೊಡುವ ತೆರ ಎಂದು ತಂದಿದ್ದ, ಕ್ರಿಸ್ ಎಂಬ ಅಗಲ ಬುಡದ ಖಡ್ಗವನ್ನು ಹೆಣ್ಣಿನ ಚಿಕ್ಕಪ್ಪ ಅಮೆರೋದೀನ್ ಚಾಪೆಯ ಆಚೆಗೆ ತಳ್ಳಿಬಿಟ್ಟ.

"ಮುತ್ತಜ್ಜನ ಕಾಲದ್ದು ತನ್ನಿ ಅಂದ್ರೆ ಮೊನ್ನೆ ಸಂತೇಲಿ ಕೊಂಡಿದ್ದು ತಂದಿದ್ದೀಯಲ್ಲಮ್ಮಾ! ಹೆಂಗೆ ಹೊಳೀತಿದೆ ನೋಡು, ಮುಖ ನೋಡ್ಕೊಂಡು ಮೀಸೆ ಕತ್ತರಿಸ್ಕೋಬಹುದು."

ಜನ ನಕ್ಕರು. ಸಾಪಿಯಾ ನನ್ನ ಕಡೆ ನೋಡಿದಳು. ನಮ್ಮೂರು ತುಗಾಯಾದ ಕಮ್ಮಾರರಲ್ಲಿ ಹಳಬ ಅಂತ ಉಳಿದವನು ನಾನೊಬ್ಬನೇ. ನಾನು ಹೊಸದೆಂದರೆ ಈ ಮದುವೆ ಮುರಿದಂತೆ.

"ಬೂದಿ ಹಾಕಿ ಉಜ್ಜಿದೆಯೇನು ತಂಗಿ?" ಎಂದು ಕೇಳಿದೆ.

"ಮೂರು ದಿನ ಉಜ್ಜಿದೆ ಅಣ್ಣ. ಕಪ್ಪಗಿತ್ತು. ಹಾಗೇ ತಂದ್ರೆ ಮರ್ಯಾದೆಯಲ್ಲ ಅನ್ನಿಸ್ತು."

"ಚೆನ್ನಾಗಿ ಕೆಡಿಸಿದ್ದೀಯ. ಹಳೇದರ ಗುರುತೆಲ್ಲ ಉಜ್ಜಿ ಹೋಯ್ತು."

"ಹಿಡೀನೂ ಹೊಸ ಮರ," ಎಂದ ಅಮೆರೋದೀನ್.

"ಸವೆದ್ರೆ ಬದಲಾಯಿಸ್ತೀವಪ್ಪ. ನಿಮ್ಮಪ್ಪನ ಖಡ್ಗಕ್ಕೆ ನಾನೇ ಎರಡು ಸಲ ಹಿಡಿ ಹಾಕಿದ್ದೀನಿ. ಅದೂ ಸಂತೇದಾ?"

ನಿಂಬೆ ತರಿಸಿ ಹಿಂಡಿ, ಅಲಗಿಗೆಲ್ಲ ಹಚ್ಚಿ ಕೂತೆ. ಎರಡು ಸುತ್ತು ಕಾಫಿಯಾಯಿತು. ಅಮೆರೋದೀನ್ ಎದ್ದ, ಕೂತ, ಮತ್ತೆ ಎದ್ದ. ನಾನು ಕದಲಲಿಲ್ಲ. ನಿಧಾನಕ್ಕೆ ಕಬ್ಬಿಣದ ಮೇಲೆ ಮರದ ಎಳೆಯಂಥ ಬೂದುಗೆರೆಗಳು ಎದ್ದವು, ಪದರ ಪದರವಾಗಿ ಬಡಿದ ಕಬ್ಬಿಣದ ಗುರುತು.

"ಇಂಥ ಗೆರೆ ಈಗಿನವರೂ ಬರಿಸ್ತಾರೆ ಬಿಡಜ್ಜ," ಎಂದ ಅಮೆರೋದೀನ್.

ಅದು ನಿಜ. ಅದಕ್ಕೇ ಅಲಗನ್ನು ತೊಳೆದು ಒರೆಸಿ, ಹಿಡಿಯ ಪಕ್ಕದ ಬುಡ ನೋಡಿದೆ. ಹಿಂದಿನವರು ಆ ಅಗಲದ ಬುಡವನ್ನು ಬೇರೆ ತುಂಡಾಗಿ ಮಾಡಿ ಕೂಡಿಸುತ್ತಿದ್ದರು. ಅಮೆರಿಕದವರು ನಮ್ಮ ದ್ವೀಪವನ್ನು ಆಳಲು ಬಂದ ಮೇಲೆ ಎಲ್ಲರೂ ಒಂದೇ ತುಂಡಲ್ಲಿ ಮಾಡಿ, ಕೂಡಿಸಿದಂತೆ ಕಾಣಲಿ ಎಂದು ಉಳಿಯಲ್ಲಿ ಗೀರು ಎಳೆದುಬಿಡುತ್ತಿದ್ದರು. ನನ್ನಪ್ಪನೂ ಎಳೆದವನೇ.

ಇದರಲ್ಲೂ ಗೀರಿತ್ತು. ಅದರ ಮೇಲೆ ಎಣ್ಣೆ ಬಿಟ್ಟು, ಹೀರಿಕೊಳ್ಳಲು ಹೊತ್ತು ಕೊಟ್ಟು, ಪೂರ್ತಿ ಒರೆಸಿ ಬಿಸಿಲಿಗಿಟ್ಟೆ.

"ಬೆರಳಿಟ್ಟು ನೋಡಪ್ಪ," ಎಂದೆ ಸ್ವಲ್ಪ ಹೊತ್ತಿನ ಮೇಲೆ.

ಬಿಸಿಯಾದ ಗೀರಿನೊಳಗಿಂದ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಹೊರಬರುತ್ತಿತ್ತು. ಮೇಲೆ ಎಳೆದ ಗೀರು ಅಷ್ಟು ಎಣ್ಣೆ ಕುಡಿಯುವುದಿಲ್ಲ; ಇದು ಎರಡು ತುಂಡು ಕೂಡಿದ ಸಂದು. ಅಮೆರೋದೀನನ ಬೆರಳು ಒದ್ದೆಯಾಯಿತು.

"ಎಷ್ಟು ವರ್ಷದ್ದು?" ಎಂದ.

"ವರ್ಷದ ಲೆಕ್ಕ ನಂಗೆ ಬರಲ್ಲ. ನನ್ನಜ್ಜ ಕೂಡಿಸುವಾಗ ಗೀರಿನ ತುದಿ ಬಾಗಿಸ್ತಿದ್ದ. ಇದು ನೆಟ್ಟಗಿದೆ. ಹೀಗೆ ನೆಟ್ಟಗೆ ಬಿಡ್ತಿದ್ದೋರು ಅವನಿಗಿಂತ ಹಿಂದಿನವರು; ಅವರ ಕೈ ಇದು."

"ಏಳು ತಲೆಮಾರಿನದು ಅಂತಿದ್ರು ನಮ್ಮತ್ತೆ. ಅದನ್ನೂ ಹೇಳಣ್ಣ," ಎಂದಳು ಸಾಪಿಯಾ.

"ಕಂಡಿದ್ದಷ್ಟೇ ಹೇಳ್ತೀನಿ ತಂಗಿ. ಏಳು ನಂಗೆ ಕಾಣಲಿಲ್ಲ."

ಅವಳ ಮುಖ ಸಣ್ಣದಾಯಿತು. ಅಮೆರೋದೀನ್ ಮಾತ್ರ ಖಡ್ಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಕೋಣೆಯ ಕಡೆ ಕೂಗಿದ: "ಅತ್ತಿಗೆ, ಅಕ್ಕಿ ಇನ್ನೂ ಎರಡು ಸೇರು ಜಾಸ್ತಿ ಹಾಕಿ. ಬೀಗರು ಊಟ ಮಾಡ್ಕೊಂಡೇ ಹೋಗ್ತಾರೆ."