ನೀಲಿ ನವಿಲಿನ ಪಿಂಗಾಣಿ ಕಪ್

ಬಿಲ್ವಪತ್ರೆ, ವಿಭೂತಿ ಉಂಡೆ ತುಂಬಿದ ಬುಟ್ಟಿಯ ತಳಕ್ಕೆ ಜಗದಾಂಬ ಬಿಳಿ ಬಟ್ಟೆಯ ಗಂಟೊಂದನ್ನು ತುರುಕಿ, ಮೇಲೆ ಪತ್ರೆ ಹರಡಿದಳು. ಗುಂಡಿಯಲ್ಲಿ ಗಂಡನನ್ನು ಕೂರಿಸಿ, ಸುತ್ತ ವಿಭೂತಿ ಇಟ್ಟು ಮಣ್ಣು ಎಳೆದರೆ ಇದೂ ಅವನ ಜೊತೆಗೇ ಮುಚ್ಚಿಹೋಗುತ್ತದೆ. ಆಮೇಲೆ ಯಾರು ಅಗೆದು ನೋಡುತ್ತಾರೆ?

ಪಡಸಾಲೆಯಲ್ಲಿ ಮಲ್ಲೇಶಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಉಡುತಡಿಯ ಅರ್ಧ ಊರು ಅಂಗಳದಲ್ಲಿತ್ತು. ಬದುಕಿದ್ದಾಗ ಅವನನ್ನು ಮಾತಾಡಿಸದವರೂ ಇವತ್ತು ಧಾರಾಳವಾಗಿ ಹೊಗಳುತ್ತಿದ್ದರು.

"ದೊಡ್ಡಮ್ಮ, ಚಂದ್ರಗುತ್ತಿಯಿಂದ ಕರಿಯಣ್ಣ ಬಂದಾರೆ," ಎಂದ ಮೈದುನನ ಮಗ ಚನ್ನೇಶ್. "ಮುಂದಿನ ಹೆಗಲು ಅವರೇ ಕೊಡ್ಬೇಕು ಅಂತ ದೊಡ್ಡಪ್ಪ ಹೇಳಿದ್ರಲ್ಲ."

ಜಗದಾಂಬ ಬುಟ್ಟಿಯನ್ನು ಮೂಲೆಗೆ ಸರಿಸಿದಳು.

*

ಹಲವು ವರ್ಷಗಳ ಹಿಂದೆ ಶಿಕಾರಿಪುರದ ಚಿಕ್ಕ ಮ್ಯೂಸಿಯಂಗೆ ಮಲ್ಲೇಶಪ್ಪ, ಕರಿಯಣ್ಣ ಇಬ್ಬರೇ ಕಾವಲುಗಾರರು. ಗಾಜಿನ ಬೀರುವಿನಲ್ಲಿದ್ದ ಪಿಂಗಾಣಿ ಕಪ್ಪಿನ ಮೇಲೆ ನೀಲಿ ನವಿಲು, ಅಂಚಿಗೆ ಚಿನ್ನದ ಗೆರೆ. ಮಗು ಹೊಟ್ಟೆಯಲ್ಲೇ ಹೋದಮೇಲೆ ಜಗದಾಂಬ ಅನ್ನ ನೀರು ಬಿಟ್ಟಿದ್ದಳು. ಒಂದು ಸಂಜೆ ಗಂಡ ಆ ಕಪ್ಪಿನಲ್ಲಿ ಹಾಲು ಹಿಡಿದು ಪಕ್ಕ ಕೂತ.

"ರಾಣಿಯರು ಕುಡಿದಿದ್ದು ಕಣೇ. ಒಂದು ಗುಟುಕು ಕುಡಿ. ಬೆಳಿಗ್ಗೆ ವಾಪಸ್ ಇಟ್ಬಿಡ್ತೀನಿ."

ಅವಳು ಕುಡಿದಳು. ಬೆಳಿಗ್ಗೆ ಅವನು ಹೋಗುವಷ್ಟರಲ್ಲಿ ಕಪ್ ಇಲ್ಲದ್ದು ಎಲ್ಲರಿಗೂ ಗೊತ್ತಾಗಿತ್ತು. ಆ ರಾತ್ರಿಯ ಪಾಳಿ ಕರಿಯಣ್ಣನದು. ಕಳ್ಳನೆಂಬ ಹೆಸರು ಬಂತು, ಕೆಲಸ ಹೋಯಿತು, ಅವನ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಅವನು ಊರಿಗೆ ಹೋಗಿ ಕುರಿ ಕಾಯತೊಡಗಿದ. ಮಲ್ಲೇಶಪ್ಪ ಬಾಯಿ ಬಿಡಲಿಲ್ಲ, ಕಪ್ ಮನೆಯಲ್ಲೇ ಉಳಿಯಿತು. ವರ್ಷಕ್ಕೊಮ್ಮೆ ಅಕ್ಕಿ ಹೊತ್ತು ಕರಿಯಣ್ಣನ ಮನೆಗೆ ಹೋಗುತ್ತಿದ್ದ. ನನ್ನನ್ನು ನಂಬಿದವನು ನೀನೊಬ್ಬನೇ ಎಂದು ಕರಿಯಣ್ಣ ಅವನ ಕೈ ಹಿಡಿದು ಅಳುತ್ತಿದ್ದ.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಶಕುಂತಲಮ್ಮ ಚಹಾ ಕಾಸಿ ತಂದಿದ್ದಳು. ಜಗದಾಂಬ ಸೀರೆ ಬದಲಿಸಿ ಬಂದಾಗ ಬಿಲ್ವಪತ್ರೆಯೆಲ್ಲ ಚಾಪೆಯ ಮೇಲಿತ್ತು.

"ಬುಟ್ಟಿಯೊಳಗೆ ಕಪ್ ಯಾರಿಟ್ರೋ ಏನೋ," ಎಂದಳು ಶಕುಂತಲಮ್ಮ. "ಪತ್ರೆ, ವಿಭೂತಿ ಬಿಟ್ಟು ಬೇರೇನೂ ಗುಂಡಿಗೆ ಹಾಕಬಾರ್ದು ಅಂತ ಸ್ವಾಮಿಗಳು ಹೇಳಿದ್ರು ನೋಡ್ರಿ. ಅದಕ್ಕೇ ಎಲ್ಲ ತೆಗೆದು ಹಸನು ಮಾಡ್ದೆ. ಕಪ್ ಚಂದ ಐತಿ. ತೊಳೆದು ಕರಿಯಣ್ಣಗೆ ಅದ್ರಾಗೇ ಚಾ ಕೊಟ್ಟೆ. ಪಾಪ, ದೂರದಿಂದ ಬಂದಾನೆ."

ಹೆಣದ ಪಕ್ಕ ಕೂತಿದ್ದ ಕರಿಯಣ್ಣ ಅರ್ಧ ಕುಡಿದು ನಿಲ್ಲಿಸಿದ್ದ. ಹೆಬ್ಬೆರಳಿನಿಂದ ಮೆಲ್ಲಗೆ ನವಿಲನ್ನು ಸವರುತ್ತಿದ್ದ.

"ಜಗದಾಂಬಕ್ಕ, ಇದು ಇಲ್ಲೇ ಇತ್ತಾ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಅಷ್ಟು ಧೈರ್ಯವೂ ಇರಲಿಲ್ಲ.

"ನಂಗೋಸ್ಕರ ತಂದಿದ್ರು ಅಣ್ಣ."

ಅವನು ತಲೆ ತಗ್ಗಿಸಿ ಕಪ್ಪಿನೊಳಗೇ ನೋಡಿದ. ಬೈದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮಲ್ಲೇಶಪ್ಪನನ್ನು ಬಿದಿರಿನ ಚಟ್ಟದಲ್ಲಿ ಕೂರಿಸಿ ಕಟ್ಟಿದರು. ಮೂರು ಮೂಲೆಗೆ ಮೂವರು ನಿಂತರು; ಕರಿಯಣ್ಣ ಕೂತಿದ್ದ ಕಡೆಯ ಮುಂದಿನ ಮೂಲೆ ಖಾಲಿ ಇತ್ತು.

"ಹೊತ್ತಾಯ್ತು. ಕರಿಯಣ್ಣ, ಬರ್ರೀ," ಎಂದು ಚನ್ನೇಶ್ ಕರೆದ.

ಕರಿಯಣ್ಣ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದ. ಕಾದು ಸಾಕಾಗಿ ಮೂವರೂ ಎತ್ತಿಬಿಟ್ಟರು. ಅಂಗಳದಲ್ಲಿ ಬಾರಿಸುತ್ತಿದ್ದ ಜಾಗಟೆ ನಿಂತಿತು. ಖಾಲಿ ಮೂಲೆಯ ಕಡೆಗೆ ಚಟ್ಟ ವಾಲಿತು. ವಿಭೂತಿ ಬಳಿದ ಮಲ್ಲೇಶಪ್ಪನ ಮುಖ ನಿಧಾನವಾಗಿ ಬಗ್ಗಿ, ಕರಿಯಣ್ಣನ ಮುಖದ ಎದುರಿಗೇ ಬಂದು ನಿಂತಿತು.