ಅತ್ತೆಗೆ ಸೆಕೆಯಾಗುತ್ತಿರಲಿಲ್ಲ

ಗೋಡೆಗೆ ಡ್ರಿಲ್ ಇಳಿಯುತ್ತಿದೆ, ಅದರ ನಡುಕ ನನ್ನ ಹಲ್ಲಿನ ಬುಡದವರೆಗೂ, ಇಟ್ಟಿಗೆಯ ಕೆಂಪು ಪುಡಿ ಅತ್ತೆಯ ಮಂಚದ ಮೇಲೆ ಉದುರುತ್ತಿದೆ, ಹಳೆಯ ಪೇಪರಾದರೂ ಹಾಸಬೇಕಿತ್ತು, ಮೆಕ್ಯಾನಿಕ್ ಹಿಂದಿಯಲ್ಲಿ ಏನೋ ಕೇಳುತ್ತಾನೆ, ವೈಜನಾಥ ಹಾಂ ಹಾಂ ಅನ್ನುತ್ತಾರೆ, ನನ್ನ ಕಡೆ ನೋಡುವುದಿಲ್ಲ — ಹದಿನೆಂಟು ದಿನವಾಯಿತು, ಊಟಕ್ಕೆ ಕೂತರೂ ನನ್ನ ಗಂಡನಿಗೆ ತಟ್ಟೆ ಮಾತ್ರ ಕಾಣುತ್ತದೆ. ನಾಳೆ ಎಸಿ ಹಾಕಸ್ತೀನಿ ಅಂದಿದ್ದರು ನಿನ್ನೆ, ನನ್ನನ್ನು ಕೇಳಿದ್ದಲ್ಲ, ಗೋಡೆಗೆ ಹೇಳಿದ ಹಾಗೆ. ಅಲ್ಲೇ ತೂತುಗಳಿದ್ದವು, ಫೆಬ್ರವರಿಯಲ್ಲಿ ಹಳೆಯ ಎಸಿ ಬಿಚ್ಚಿಸಿ ಕೊಟ್ಟ ದಿನ ನಾನೇ ಬಿಳಿ ಸಿಮೆಂಟು ಮೆತ್ತಿ ಬೆರಳಲ್ಲಿ ಸವರಿ ಸಮ ಮಾಡಿದ್ದೆ, ಅವತ್ತು ಎದೆ ಎಷ್ಟು ಹಗುರವಾಗಿತ್ತು.

ಹಗುರ ಅನ್ನುವುದು ಡಾಕ್ಟರಮ್ಮನ ಮಾತು. ಮೂರು ವರ್ಷದ ಹಿಂದೆ, ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ಸುಮ್ಮನಾದ ಮೇಲೆ ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಅತ್ತೆ ರಾಯಚೂರಿನಿಂದ ಬಂದು ಇಲ್ಲೇ ಉಳಿದರು, ತಲೆ ಬಾಚುತ್ತಿದ್ದರು, ರೊಟ್ಟಿ ಮುರಿದು ಬಾಯಿಗಿಡುತ್ತಿದ್ದರು, ಕಿಟಕಿಯ ಹೊರಗೆ ಮೆಹದಿಪಟ್ಟಣಂ ಬಸ್ಸುಗಳ ಹಾರ್ನ್ ಕೇಳಿದರೂ ಅಳುತ್ತಿದ್ದೆ. ಡಾಕ್ಟರಮ್ಮ ಹೇಳಿದ್ದು ಇಷ್ಟೇ, ದಿನಾ ಒಂದು ಸಣ್ಣ ಕೆಲಸ ಕೈಯಿಂದ ಮಾಡಿ ವನಜಾ, ಮನಸ್ಸು ಹಗುರಾಗುತ್ತೆ, ಆಗದ ದಿನ ಬಿಟ್ಟುಬಿಡಿ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ — ಮೊದಲ ಅರ್ಧ ಹಿಡಿದುಕೊಂಡೆ, ಎರಡನೆಯದು ಎಲ್ಲಿ ಬಿದ್ದುಹೋಯಿತೋ. ಮೊದಲು ಕರಿಬೇವಿನ ಕುಂಡ, ಆಮೇಲೆ ಸಿಪ್ಪೆಗಳನ್ನು ಗೊಬ್ಬರ ಮಾಡುವ ಮಣ್ಣಿನ ಮಡಕೆ, ಮುಚ್ಚಳ ತೆಗೆದರೆ ಕಪ್ಪು ಮಣ್ಣು, ಹಸಿ ನೆಲದ ವಾಸನೆ, ನಾನು ನಕ್ಕೆನಂತೆ, ಅತ್ತೆ ಫ್ಯಾಕ್ಟರಿಗೆ ಫೋನ್ ಮಾಡಿ ಮಗನಿಗೆ ಹೇಳಿದರು, ವೈಜೂ, ನಿನ್ನ ಹೇಣ್ತಿ ನಕ್ಕಳೋ.

ನಕ್ಕವಳು ಅಷ್ಟಕ್ಕೇ ನಿಲ್ಲಲಿಲ್ಲ. ಬಟ್ಟೆಚೀಲ, ಸ್ಟೀಲಿನ ಡಬ್ಬಿ, ಅಂಟುವಾಳದ ಪುಡಿ, ಮನೆಯೊಳಗೆ ಪ್ಲಾಸ್ಟಿಕ್ ಬರಬಾರದು ಅಂದರೆ ಬರಬಾರದು, ಒಂದು ಬಿಸ್ಕೀಟಿನ ಕಾಗದ ಕಂಡರೆ ಕೂಗಾಡುತ್ತಿದ್ದೆ, ಯಾರ್ ತಂದ್ರು ಇದನ್ನ, ಯಾರ್ ತಂದ್ರು — ವೈಜನಾಥ ಬೀದಿಯಲ್ಲೇ ಕೂಲ್‌ಡ್ರಿಂಕ್ ಕುಡಿದು ಬಾಟಲಿ ಅಲ್ಲೇ ಎಸೆದು ಮನೆಗೆ ಬರುವುದನ್ನು ಕಲಿತರು. ಎದುರುಗಲ್ಲಿಯ ತಗಡಿನ ಮನೆಗಳ ಮೇಲೆ ನಮ್ಮ ಎಸಿಯ ಬಿಸಿಗಾಳಿ ಬೀಳುತ್ತದೆ ಅನ್ನಿಸಿದ ದಿನದಿಂದ ನನಗೆ ನಿದ್ದೆ ಇಲ್ಲ. ತೆಗೆಸಿಬಿಡೋಣ ಅಂದೆ. ಹುಚ್ಚು ಹಿಡದೈತೇನು, ಅವ್ವಗ ಎಪ್ಪತ್ತೆರಡು ಅಂತ ಅವರು ಕೂಗಿದರು, ಅತ್ತೆ ಮಂಚದ ಮೇಲೆ ಹೀರೇಕಾಯಿ ಹೆರೆಯುತ್ತಿದ್ದವರು ತಲೆ ಎತ್ತದೆ ಅಂದರು, ತಗಸ್ಲಿ ಬಿಡೋ, ನನಗ ಆ ಥಂಡಿ ಆಗಂಗಿಲ್ಲ, ಮೊಣಕಾಲು ಹಿಡೀತಾವ, ಧಗಿ ನನಗೇನು ಹೊಸದಲ್ಲ, ರಾಯಚೂರಾಗ ಹುಟ್ಟಿದಾಕಿ ನಾ.

ನಂಬಿದೆ. ನಂಬುವುದು ನನಗೆ ಬೇಕಿತ್ತು. ಮೇ ತಿಂಗಳು, ಕಿಟಕಿಗೆಲ್ಲ ಒದ್ದೆ ಚಾದರ, ಫ್ಯಾನಿನಿಂದ ಒಲೆಯ ಉಸಿರು, ಅತ್ತೆ ಮಧ್ಯಾಹ್ನ ಛತ್ರಿ ಹಿಡಿದು ಹನುಮಪ್ಪನ ಗುಡೀಗೆ ಹೋಗಿಬರ್ತೀನವ್ವಾ ಅನ್ನುತ್ತಿದ್ದರು, ಎರಡು ತಾಸು ಬಿಟ್ಟು ಬರುತ್ತಿದ್ದರು, ನಮ್ಮತ್ತಿಗೆ ಸೆಕಿನೇ ಆಗಂಗಿಲ್ಲ ನೋಡ್ರಿ ಅಂತ ಪಕ್ಕದ ಮನೆಯವರಿಗೆ ಹೇಳಿಕೊಂಡೆ, ಹೆಮ್ಮೆಯಿಂದ ಹೇಳಿಕೊಂಡೆ. ಆಮೇಲೆ ಆ ಫೋನು. ಬಸ್‌ಸ್ಟಾಪಿನ ಪಕ್ಕದ ಎಟಿಎಂ ಒಳಗೆ ಒಬ್ಬ ಮುದುಕಿ ಬಿದ್ದಿದ್ದಾಳೆ, ಕೈಯಲ್ಲಿದ್ದ ಸಣ್ಣ ಫೋನಿನಲ್ಲಿ ನಿಮ್ಮ ನಂಬರಿದೆ. ಗಾಜಿನ ಪೆಟ್ಟಿಗೆಯಂಥ ಕೋಣೆ, ಅವತ್ತು ಬೆಳಗಿನಿಂದ ಅಲ್ಲಿನ ಎಸಿ ಕೆಟ್ಟಿತ್ತಂತೆ, ಹಣ ತೆಗೆಯಲು ಬಂದವರು ಮೂಲೆಯಲ್ಲಿ ಮಲಗಿದ್ದಾಳೆ ಅಂದುಕೊಂಡು ಬಂದ ಹಾಗೇ ಹೋದರಂತೆ. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು, ನಾನು ಹಣೆ ಮುಟ್ಟಿದೆ, ಆಗಲೂ ಸುಡುತ್ತಿತ್ತು.

ವೈಜನಾಥ ಎಲ್ಲರನ್ನೂ ಕೇಳಿದರು, ಅವ್ವ ಅಲ್ಲಿಗೆ ಯಾಕ ಹೋಗಿದ್ಲು, ಆಕಿ ಕಡಿ ಕಾರ್ಡೇ ಇರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೆಯ ದಿನ, ಅವರು ಇಲ್ಲದಾಗ, ಎಟಿಎಂ ಕಾಯುವ ಮಲ್ಲಣ್ಣ ಬಂದ, ನಾರಾಯಣಪೇಟೆಯವನು, ಕನ್ನಡ ಬರುತ್ತದೆ, ಮದುವೆಗೆಂದು ಊರಿಗೆ ಹೋಗಿದ್ದನಂತೆ ಆ ದಿನ, ಕೈಯಲ್ಲಿ ಪೇಪರಿನ ಪೊಟ್ಟಣ, ಅದರೊಳಗೆ ಅತ್ತೆಯ ಚಪ್ಪಲಿ. ಆಂಬ್ಯುಲೆನ್ಸಿನವ್ರು ಬಿಟ್ಟು ಹೋಗಿದ್ರಮ್ಮಾ, ಬಾಗಲ ಹೊರಗೇ ಇದ್ದುವು, ಅವ್ವಾರು ದಿನಾ ಹೊರಗ ಬಿಟ್ಟೇ ಒಳಗ ಬರ್ತಿದ್ರು, ಗುಡಿಗೆ ಬಂದಂಗ, ಇದು ಗುಡಿ ಅಲ್ಲ ಅಂದ್ರ ಥಣ್ಣಗಿದ್ದಲ್ಲೆ ದೇವ್ರು ಅಂತಿದ್ರು. ನಾನು ಕೇಳಿದೆ, ಕೇಳಬಾರದಿತ್ತು, ಮನ್ಯಾಗ ಒಂದ್ ಮಾತು ಹೇಳಬಾರದಿತ್ತೇನು ಅಂತ. ಅವನು ನೆಲ ನೋಡಿದ. ನಾನೂ ಅದನ್ನೇ ಅಂದೆನಮ್ಮಾ, ಹೇಳಬ್ಯಾಡ ಅಂದ್ರು, ಮನ್ಯಾಗ ಥಂಡಿ ಮಷೀನ್ ಹಾಕ್ಸಿದ್ರ ಸೊಸಿ ಮತ್ತ ಹಾಸ್ಗಿ ಹಿಡೀತಾಳ, ಭಾಳ ತ್ರಾಸಿನಿಂದ ಎದ್ದಾಳ ನನ್ನ ಕೂಸು ಅಂದ್ರು.

ಡ್ರಿಲ್ ನಿಂತಿದೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ಹೋದ, ಬಾಗಿಲು ಹಾಕಿದ ಸದ್ದು, ತಲೆಯ ಮೇಲಿಂದ ತಣ್ಣನೆ ಗಾಳಿ ಇಳಿಯುತ್ತಿದೆ, ತೋಳಿನ ಕೂದಲು ನಿಲ್ಲುತ್ತಿದೆ, ವೈಜನಾಥ ರಿಮೋಟ್ ಹಿಡಿದು ತಾಯಿಯ ಮಂಚದ ತುದಿಗೆ ಕೂತಿದ್ದಾರೆ, ಇಟ್ಟಿಗೆ ಪುಡಿಯ ಮೇಲೆಯೇ, ಹದಿನೆಂಟು ದಿನದ ಮೇಲೆ ನನ್ನ ಮುಖ ನೋಡುತ್ತಾರೆ. ನಿನಗ ಗೊತ್ತೈತಿ, ಹೌದಲ್ಲ, ಅವ್ವ ಅಲ್ಲಿ ಯಾಕ ಹೋದ್ಲು ಅಂತ. ಇಲ್ಲ ಅನ್ನಬಹುದು, ಮಲ್ಲಣ್ಣ ಇವರಿಗೆ ಹೇಳಲಾರ, ಪೊಟ್ಟಣ ಕಪಾಟಿನ ತಳದಲ್ಲಿದೆ — ನನ್ನ ಸಲುವಾಗಿ ರೀ, ಅಂದೆ, ನನ್ನ ಮನಸು ಕೆಡಬಾರದು ಅಂತ. ರಿಮೋಟ್ ಅವರ ಕೈಯಿಂದ ಜಾರಿ ಹಾಸಿಗೆಗೆ ಬಿತ್ತು, ಮಷೀನು ಓಡುತ್ತಲೇ ಇದೆ, ಇನ್ನೇನೋ ಹೇಳಬೇಕು, ಚಪ್ಪಲಿ, ಹಿಮ್ಮಡಿಯ ಕಡೆ ಸವೆದದ್ದು, ಬಿಸಿಲಿನಲ್ಲಿ, ಗಾಜಿನ ಬಾಗಿಲ ಹೊರಗೆ, ಜೊತೆಯಾಗಿ ನೀಟಾಗಿ ಬಿಟ್ಟದ್ದು, ಚಪ್ಪಲಿ