ಟ್ರ್ಯಾಕ್ಟರಿಗೆ ಕೊಡದ ಪದ

"ಟ್ರ್ಯಾಕ್ಟರಕ್ಕ ಕೊಡಂಗಿಲ್ಲ ಅಬ್ಬಾ. ಯಾರ ಫೋನಿಗೂ ಕೊಡಂಗಿಲ್ಲ. ನನ್ನ ಫೋನಿಗೂ ಹಾಕ್ಕೊಳ್ಳಂಗಿಲ್ಲ. ಲ್ಯಾಪಟಾಪಿನ್ಯಾಗ ಇದ್ದದ್ದು ಅಲ್ಲೇ ಇರತೈತಿ. ಆತಿಲ್ಲೋ?"

ಗಂಟಲಿನ ಆಪರೇಶನ್ನಿಗೆ ಕರೆದೊಯ್ಯುವ ಹಿಂದಿನ ದಿನ ಶಹನಾಜ ತಂದೆಗೆ ಹೀಗೆ ಮಾತು ಕೊಟ್ಟಿದ್ದಳು. ಜಾಫರಸಾಬ ಅವಳ ಅಂಗೈಯನ್ನು ತನ್ನ ಎರಡೂ ಕೈಯೊಳಗೆ ಮುಚ್ಚಿಕೊಂಡು, "ಹಾಂ ಬೇಟಿ, ಇನ್ನ ಕೊಯ್ಯಲಿ, ಏನ ಕೊಯ್ತಾರ" ಎಂದಿದ್ದ. ಆಪರೇಶನ್ ಆದಮೇಲೆ ಅವನಿಗೆ ದನಿ ಬರಲೇ ಇಲ್ಲ. ಒಂದೆರಡು ಮೊಹರಂ ಕೈಸನ್ನೆಯಲ್ಲೇ ಮೇಳ ನಡೆಸಿದ, ಆಮೇಲೆ ಅವನೂ ಇರಲಿಲ್ಲ.

ಮಾತು ತಗೊಂಡದ್ದಕ್ಕೆ ಕಾರಣವಿತ್ತು. ತುಕ್ಕಾನಟ್ಟಿಯ ಜಾಫರಸಾಬನ ಮೊಹರಂ ಪದ ಕೇಳಲು ಮೂಡಲಗಿ, ಗೋಕಾಕದಿಂದ ಜನ ಬರುತ್ತಿದ್ದರು. ಕರ್ಬಲಾದ ಬಿಸಿಲಲ್ಲಿ ಕೂಸುಗಳು ನೀರು ನೀರೆಂದು ಅಳುವುದನ್ನು ಅವನು ಹಾಡಿದರೆ ಸುತ್ತ ನಿಂತ ಗಂಡಸರು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನು ಯಾರೋ ಫೋನಿನಲ್ಲಿ ಹಿಡಿದು, ಕೆಳಗೆ ಡಿಜೆಯ ಧಬಧಬ ಕೂಡಿಸಿ ಟ್ರ್ಯಾಕ್ಟರುಗಳ ಸ್ಪೀಕರಿಗೆ ಬಿಟ್ಟರು. ಮದುವೆಯ ಮೆರವಣಿಗೆಯೊಂದರಲ್ಲಿ ಕುಡಿದವರು ಆ ಪದಕ್ಕೆ ಕುಣಿಯುವುದನ್ನು ಜಾಫರಸಾಬ ಕಣ್ಣಾರೆ ಕಂಡ. ಮನೆಗೆ ಬಂದವನು ಊಟಕ್ಕೆ ಏಳಲಿಲ್ಲ. "ಕೂಸು ನೀರಿಲ್ಲದ ಸಾಯಾಕತ್ತೈತಿ, ಇವರು ಸೊಂಟ ತಿರುವಾಕತ್ತಾರ" ಎಂದಷ್ಟೇ ಹೇಳಿದ. ಮುಂದೆ ಗಂಟಲ ರೋಗ ಬಂದಾಗ, ಮಗಳ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ನೆನಪಿದ್ದ ಪದಗಳನ್ನೆಲ್ಲ ಅವಳ ಲ್ಯಾಪ್‌ಟಾಪಿಗೆ ಹಾಡಿದ. ಬೇಕಾದವರು ಈ ಮನೆಗೆ ಬಂದು, ಕೂತು, ಕೇಳಿ ಕಲಿಯಬೇಕು. ಹೊರಗೆ ಒಯ್ಯುವಂತಿಲ್ಲ.

ಈಗ ಅದೇ ಲ್ಯಾಪ್‌ಟಾಪಿನ ಮುಂದೆ ಶಹನಾಜ ಮಧ್ಯಾಹ್ನದಿಂದ ಕೂತಿದ್ದಳು. ಅಬ್ಬಾನ ಪದಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದವು, ಯಾವುದನ್ನು ಒತ್ತಿದರೂ ಹಾಡುತ್ತಿರಲಿಲ್ಲ. ಗುಂಡನೆಯ ಗುರುತೊಂದು ಸುಮ್ಮನೆ ತಿರುಗುತ್ತಿತ್ತು.

"ಏನಂತೈತಿ ಶಹನಾಜಕ್ಕಾ?" ಹೊಸ್ತಿಲ ಮೇಲೆ ಕೂತಿದ್ದ ಯಲ್ಲೇಶ ಕೇಳಿದ. ಅವನ ಟ್ರ್ಯಾಕ್ಟರ್ ಅಂಗಳದ ಬೇವಿನ ಕೆಳಗೆ ನಿಂತಿತ್ತು.

"ಏನೂ ಅನ್ನವಲ್ತು. ತಿರಗಾಕತ್ತೈತಿ."

"ನಮ್ಮ ತಹಶೀಲ್ದಾರ ಆಫೀಸಿನ ಗತೆ ಅನ್ನು. ತಿರಗಸತೈತಿ, ಕೆಲಸ ಆಗಂಗಿಲ್ಲ."

ಶಹನಾಜ ಮತ್ತೊಂದು ಹೆಸರು ಒತ್ತಿದಳು. ಯಲ್ಲೇಶ ಜಾಫರಸಾಬನ ಮೇಳದಲ್ಲಿ ಚಿಕ್ಕಂದಿನಿಂದ ಹಿಂದೆ ನಿಂತು ಪಲ್ಲವಿ ಹಿಡಿದವನು. ಮೇಳದ ಹಳಬರೆಲ್ಲ ಹೋಗಿ ಈ ಸಲ ಮುಂದೆ ನಿಂತು ಹಾಡುವುದು ಅವನ ಪಾಲಿಗೆ ಬಂದಿತ್ತು. ಓದು ಬರಹ ಬಾರದವನು. ದಿನಾ ಹೊಲ ಹರಗುವ ಕೆಲಸ ಮುಗಿಸಿ ಬಂದು, ಇದೇ ಹೊಸ್ತಿಲ ಮೇಲೆ ಕೂತು ಕಿವಿಯಿಂದ ಕಲಿಯುತ್ತಿದ್ದ. ಕಲಿತದ್ದು ಇನ್ನೂ ಸ್ವಲ್ಪ. ಮೊಹರಂ ಚಂದ್ರ ಕಾಣುವ ಹೊತ್ತು ಹತ್ತಿರ ಬಂದಿತ್ತು.

ಲ್ಯಾಪ್‌ಟಾಪಿಗೆ ರೋಗ ತಂದದ್ದೂ ಟ್ರ್ಯಾಕ್ಟರುಗಳೇ. ಈ ಕಡೆ ಹಾಡಿಲ್ಲದೆ ಟ್ರ್ಯಾಕ್ಟರ್ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಡ್ರೈವರುಗಳು ಗ್ರೀಸು ಮೆತ್ತಿದ ಪೆನ್‌ಡ್ರೈವ್ ತಂದು, "ಹೊಸಾವು ಹಾಕ್ರಿ, ಕೇಳಿದವರು ಎದ್ದ ನಿಂದರಬೇಕು" ಎನ್ನುವರು. ಮಗಳು ಅಫ್ರೀನಳ ಕಾಲೇಜಿಗೆಂದು ಯಾರೋ ಬಳಸಿಬಿಟ್ಟದ್ದನ್ನು ತಂದಿದ್ದ ಆ ಲ್ಯಾಪ್‌ಟಾಪಿನಿಂದಲೇ ಶಹನಾಜ ಹಾಡು ತುಂಬಿ ಕೊಡುವಳು. ಗಂಡ ಫಯಾಜ ಕಣಗಲಾದ ಹೈವೇ ಹೋಟೆಲಿನಲ್ಲಿ ಅಡಿಗೆಗೆ ನಿಂತವನು, ಊರಿಗೆ ಬರುವುದು ಅಪರೂಪ. ಹೊಲಿಗೆ, ಹಾಡು, ಮಗಳ ಓದು ಎಲ್ಲ ಅವಳೊಬ್ಬಳ ತಲೆಯ ಮೇಲೆ. ಪೆನ್‌ಡ್ರೈವನ್ನು ಸೆರಗಿನಿಂದ ಒರೆಸಿ ಚುಚ್ಚುತ್ತಿದ್ದಳು. ಒಳಗಿನ ವೈರಸ್ಸಿನ ಹೊಲಸು ಸೆರಗಿಗೆ ಹತ್ತುವಂಥದ್ದಲ್ಲವೆಂದು ಅವಳಿಗೆ ಗೊತ್ತಾದದ್ದು ಒಂದೊಂದೇ ಫೋಲ್ಡರ್ ತೆರೆಯದೆ ಕೂತಾಗ.

ಹೋದ ವಾರ ಗೋಕಾಕಕ್ಕೆ ಹೋಗಿ ಬಸ್‌ಸ್ಟ್ಯಾಂಡ್ ಬಾಜೂ ಇರುವ ಕಂಪ್ಯೂಟರ್ ಅಂಗಡಿಯ ಯಶನನ್ನು ಕೇಳಿದ್ದಳು. ಅವನು ಹಿಂದೆ ಅಪ್ಪನೊಂದಿಗೆ ಮರಾಠಿಯಲ್ಲಿ ಏನೋ ಜಗಳಾಡುತ್ತಲೇ ಇವಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಅಕ್ಕಾರ, ಆಂಟಿವೈರಸ್ ಬ್ಯಾರೆ ಬ್ಯಾರೆ ಬರತಾವ್ರಿ. ರೊಕ್ಕಾ ಕೊಟ್ಟು ಡಬ್ಬಿದ್ದು ತಗೋರಿ, ಇಲ್ಲಾ ಫ್ರೀದ್ದು ಹಾಕ್ಕೊರಿ. ನಿಮ್ಮ ಲ್ಯಾಪಟಾಪಿಗೆ ಹಗೂರದ್ದು ಬೇಕು. ಒಂದ ಹಾಕ್ರಿ ಮತ್ತ, ಎರಡೂ ಕೂಡಸಬ್ಯಾಡ್ರಿ. ಒಂದ ಮನಿಗೆ ಇಬ್ಬರು ಅತ್ತೆಂದಿರು ಬಂದಂಗ ಆಗತೈತಿ."

"ಎರಡರಾಗ ಜೋರದ್ದು ಯಾವದು?"

"ಜೋರ ಬ್ಯಾಡ್ರಿ, ಅದರ ಡಿಸ್ಕ ಮುಪ್ಪಾಗೈತಿ. ಮೊದಲ ಬೇಕಾದ್ದೆಲ್ಲಾ ಹೊರಗ ಕಾಪಿ ಮಾಡಿ ಇಟ್ಕೊರಿ. ಆಮ್ಯಾಲ ಏನರ ಹಾಕ್ರಿ."

"ಹೊರಗ ಅಂದ್ರ?"

"ಪೆನ್‌ಡ್ರೈವಿಗೆ. ಇಲ್ಲಾ ಫೋನಿಗೆ."

ಶಹನಾಜ ಡಬ್ಬಿಯದ್ದನ್ನು ತಗೊಂಡು ಬಸ್ಸು ಹತ್ತಿದಳು. ಆ ಮಾತನ್ನೇ ಅಫ್ರೀನಳೂ ಆಡಿದಳು. "ಅಮ್ಮೀ, ಹೊಸಾ ಪೆನ್‌ಡ್ರೈವ್ ತಂದು ನಾನಾಜಾನನ ಪದ ಹಾಕಿ ತಿಜೂರ್ಯಾಗ ಇಡೂಣು. ಯಾರಿಗೆ ಗೊತ್ತಾಗತೈತಿ?"

"ಇವತ್ತ ತಿಜೂರಿ, ನಾಳೆ ನಿನ್ನ ಗೆಳತಿ ಮದವಿ. ಸಾಕು, ತಲಿ ತಿನಬ್ಯಾಡ."

"ಹಂಗಾದ್ರ ಯಾವ ಆಂಟಿವೈರಸ್ಸು? ನಮ್ಮ ಕ್ಲಾಸಿನವರೆಲ್ಲ ಫ್ರೀದ್ದ ಹಾಕ್ಯಾರ. ನಾನೂ ನಿನ್ನೆ ಹಾಕೇನಿ."

"ಇರಲಿ. ಅದೂ ಇರಲಿ, ಇದೂ ಇರಲಿ."

"ಯಶ ಬ್ಯಾಡ ಅಂದಾನಂತಲ್ಲ?"

"ನಿನಗ ಸಣ್ಣಾಕಿದ್ದಾಗ ಜ್ವರ ನೆತ್ತಿಗೇರಿತ್ತು. ಡಾಕ್ಟರ ಗುಳಗಿನೂ ನುಂಗಿಸಿದೆ, ದರ್ಗಾದ ತಾಯತಾನೂ ಕಟ್ಟಿದೆ. ಯಾವದ್ದರಿಂದ ಆರಾಮಾತು ಅಂತ ಯಾರರ ಕೇಳ್ಯಾರೇನು? ಮುಂದ ಕುಂತು ಬಡಬಡಸಾಕತ್ತಿ ಅಲಾ, ಅಷ್ಟ ಸಾಕು."

ಹೊರಗೆ ಒಂದು ನಕಲಿಲ್ಲ, ಇಡುವಂತೆಯೂ ಇಲ್ಲ. ಹಾಗಿದ್ದಮೇಲೆ ಒಳಗೆ ಇಬ್ಬರು ಕಾವಲುಗಾರರು ಬೇಡವೇ ಎಂಬುದು ಅವಳ ಲೆಕ್ಕ. ಇವತ್ತು ಊಟವಾದ ಮೇಲೆ ಅಫ್ರೀನಳಿಂದ ಡಬ್ಬಿಯದ್ದನ್ನೂ ಹಾಕಿಸಿದಳು. ಎರಡೂ ಒಟ್ಟಿಗೆ ಹುಡುಕಲು ಹತ್ತಿದವು. ಇದು ಅದನ್ನು ಕಳ್ಳನೆಂದಿತು, ಅದು ಇದನ್ನು. ನಡುನಡುವೆ ಪೆಟ್ಟಿಗೆಯೊಂದು ಮೂಡಿ ಇಂಗ್ಲಿಷಿನಲ್ಲಿ ಏನೋ ಕೇಳುವುದು, ಅಫ್ರೀನ ಉತ್ತರ ಒತ್ತುವ ಮೊದಲೇ ಇನ್ನೊಂದು ಅದನ್ನು ಮುಚ್ಚುವುದು. ಲ್ಯಾಪ್‌ಟಾಪಿನ ತಳ ರೊಟ್ಟಿಯ ಹಂಚಿನಂತೆ ಕಾದಿತ್ತು.

"ಅಕ್ಕಾ, ಒಂದ ಮಾತು," ಎಂದ ಯಲ್ಲೇಶ. ಕೀಲಿಗೊಂಚಲು ತೆಗೆದು, ಅದಕ್ಕೆ ನೇತುಬಿದ್ದ ಪೆನ್‌ಡ್ರೈವನ್ನು ಬೆರಳಲ್ಲಿ ಹಿಡಿದ. "ಇದಕ್ಕ ಹಾಕಿಬಿಡು. ನಮ್ಮವ್ವ ಯಮನವ್ವನ ಆಣಿ, ಟ್ರ್ಯಾಕ್ಟರಕ್ಕ ಹಚ್ಚಂಗಿಲ್ಲ."

"ಟ್ರ್ಯಾಕ್ಟರ ಕೀಲಿಗೇ ಕಟಗೊಂಡೀಯಲ್ಲೋ, ಹಚ್ಚಂಗಿಲ್ಲಂತ."

"ನನಗ ಹಿಂದ ನಿಂತ ಹಾಡೂದ ಬರತೈತಿ. ಮುಂದಿಂದು ಬರಂಗಿಲ್ಲ. ಕಾಕಾನ ಪದ ಕಾಕಾನ ಕೂಡನ ಹೋದ್ರ ಮೊಹರಂದಾಗ ಅಲಾಯಿ ಕುಣಿ ಮುಂದ ನಾ ಏನ ಮಾಡ್ಲಿ, ಬಾಯಿ ತಕ್ಕೊಂಡ ನಿಂದರ್ಲೇನು?"

"ನನ್ನ ಯಾಕ ಹುರದ ತಿಂತೀಯೋ ಯಲ್ಲೇಶಾ? ಅವನ ಕೈ ಹಿಡದ ಹೇಳೇನಿ ನಾ. ಆ ಮಾತಿನಿಂದ ಬಿಡಸಾಕ ಅವನಿಲ್ಲ."

ಯಲ್ಲೇಶ ಕೀಲಿಯನ್ನು ಜೇಬಿಗೆ ಹಾಕಿದ. ಲ್ಯಾಪ್‌ಟಾಪಿನ ಒಳಗಿನಿಂದ ಹೊಸ ಸದ್ದೊಂದು ಬರಲು ಹತ್ತಿತು. ಟಿಕ್, ಸ್ವಲ್ಪ ಬಿಟ್ಟು ಮತ್ತೆ ಟಿಕ್. ಪರದೆಯ ಮೇಲಿನ ಸಾಲಿನ ಕೊನೆಯ ಹೆಸರು ಕಾಣದಾಯಿತು. ಅಫ್ರೀನ ಒತ್ತಿ ಒತ್ತಿ ನೋಡಿದಳು. ಅದರ ಮೇಲಿನದೂ ಹೋಯಿತು.

"ಅಮ್ಮೀ, ಹೊಂಟಾವು!"

ಶಹನಾಜ ಎದ್ದಳು. ಏನು ಮಾಡುತ್ತಿದ್ದೇನೆಂದು ಅವಳಿಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಹೊಸ್ತಿಲಿಗೆ ಬಂದು ಯಲ್ಲೇಶನ ಮುಂದೆ ಕೈ ಒಡ್ಡಿದಳು.

"ಕೊಡು ಇಲ್ಲಿ."

"ಖರೇನ?"

"ಕೊಡೋ ಅಂದ್ರ!"

ಗೊಂಚಲಿನಿಂದ ಬಿಡಿಸುವಷ್ಟು ಸಮಾಧಾನವಿರಲಿಲ್ಲ. ಕೀಲಿ ಸಹಿತ ಪೆನ್‌ಡ್ರೈವನ್ನು ಚುಚ್ಚಿದಳು. ಟ್ರ್ಯಾಕ್ಟರಿನ ಕೀಲಿ ಮೇಜಿನ ಅಂಚಿಗೆ ಜೋತುಬಿದ್ದು ತೂಗಿತು. ಒರೆಸಲೂ ಇಲ್ಲ. ಅಫ್ರೀನ ಉಳಿದ ಹೆಸರುಗಳನ್ನೆಲ್ಲ ಒಟ್ಟಿಗೆ ಹಿಡಿದು ಎಳೆದು ಹಾಕಿದಳು. ಹಸಿರು ಪಟ್ಟಿ ಮೂಡಿತು, ಒಂದು ಗೇಣು ಹೋಯಿತು, ನಿಂತಿತು. "ಯಾ ಅಲ್ಲಾ, ಒಂದರ ಹೋಗಲಿ, ಒಂದರ" ಎಂದು ಶಹನಾಜ ಅಂದುಕೊಳ್ಳುತ್ತಲೇ ಇದ್ದಳು. ಪಟ್ಟಿ ಅಲುಗಲಿಲ್ಲ. ಪರದೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಮತ್ತೆ ಹಚ್ಚಿದಾಗ ಕಪ್ಪಿನ ಮೇಲೆ ಬಿಳಿ ಅಕ್ಷರದ ಒಂದೇ ಸಾಲು ಬಂತು. ಡಿಸ್ಕ್ ಸಿಗುತ್ತಿಲ್ಲ ಎಂದು ಅಫ್ರೀನ ಓದಿ ಹೇಳಿದಳು.

ಬಸ್ಸಿಗೆ ಕಾಯಲಿಲ್ಲ. ಲ್ಯಾಪ್‌ಟಾಪನ್ನು ದುಪ್ಪಟಿಯಲ್ಲಿ ಸುತ್ತಿ ಎದೆಗೆ ಹಿಡಿದು ಶಹನಾಜ ಟ್ರ್ಯಾಕ್ಟರಿನ ಮಡ್ಗಾರ್ಡ್ ಮೇಲೆ ಕೂತಳು. ದಾರಿಯಲ್ಲಿ ಎದುರು ಬಂದ ಡ್ರೈವರೊಬ್ಬ, "ಹಾಡ ಹಾಕಸಾಕ ನಿಮ್ಮ ಮನಿಗೇ ಹೊಂಟಿದ್ನಿ ಅಕ್ಕಾ, ಎಲ್ಲಿಗೆ ಹೊಂಟ್ರಿ?" ಎಂದು ಕೂಗಿದ. ಯಲ್ಲೇಶ ನಿಲ್ಲಿಸದೆ ಅವನನ್ನು ದಾಟಿಸಿದ.

ಗೋಕಾಕದಲ್ಲಿ ಯಶ ಅಂಗಡಿ ಮುಚ್ಚುವವನಿದ್ದ. ತಳದ ತಿರುಪು ಬಿಚ್ಚಿ ಡಿಸ್ಕನ್ನು ತೆಗೆದ, ಬೇರೆ ಕಂಪ್ಯೂಟರಿಗೆ ಹಚ್ಚಿದ, ಕಿವಿಯ ಹತ್ತಿರ ಹಿಡಿದು ಕೇಳಿದ. ಮತ್ತೊಂದು ತಂತಿಯಿಂದ ಹಚ್ಚಿ ಬಹಳ ಹೊತ್ತು ಕೂತ. ಬೆಳಗಾವಿಯಲ್ಲಿ ಇದನ್ನೇ ಮಾಡುವ ಗೆಳೆಯನೊಬ್ಬನಿಗೆ ಫೋನು ಹಚ್ಚಿ, ಆ ಸದ್ದನ್ನು ಅವನಿಗೂ ಕೇಳಿಸಿದ. ಮರಾಠಿಯಲ್ಲಿ ಮಾತು ಮುಗಿಸಿ ಫೋನು ಕೆಳಗಿಟ್ಟಾಗ ಅವನ ಮುಖ ಸಣ್ಣದಾಗಿತ್ತು.

"ಒಳಗಿನ ತಾಟಿಗೆ ಗೀರು ಬಿದ್ದೈತ್ರಿ ಅಕ್ಕಾರ. ಅದರಾಗ ಇದ್ದದ್ದನ್ನ ಯಾರೂ ಹೊರಗ ತಗಿಯಾಕ ಆಗಂಗಿಲ್ಲ."

"ಬೆಂಗಳೂರಾಗ?"

"ಎಲ್ಲೂ ಆಗಂಗಿಲ್ರಿ." ಡಿಸ್ಕನ್ನು ಮೇಜಿನ ಮೇಲಿಟ್ಟು, "ಕಾಪಿ ಇಲ್ಲೇನ್ರಿ, ಯಾರ ಕಡೇನರ? ಯಾರಿಗರ ಒಬ್ಬರಿಗೆ ಕೊಟ್ಟಿರ್ತೀರಿ ನೋಡ್ರಿ" ಎಂದ.

ಶಹನಾಜ ಯಲ್ಲೇಶನ ಕಡೆ ನೋಡಿದಳು. ಪೆನ್‌ಡ್ರೈವ್ ಅವನ ಕೈಯಲ್ಲೇ ಇತ್ತು. ಅವನು ಅವಳನ್ನು ಕೇಳದೆ ಹೊರಗೆ ಓಡಿದ, ಅವಳೂ ಹಿಂದೆಯೇ ಹೋದಳು. ಟ್ರ್ಯಾಕ್ಟರ್ ಏರಿ, ಗೊಂಚಲಿನಿಂದ ಪೆನ್‌ಡ್ರೈವ್ ಬಿಡಿಸಿ, ಕೀಲಿ ತಿರುವಿ, ಸ್ಟೀರಿಂಗ್ ಪಕ್ಕದ ಹಾಡಿನ ಡಬ್ಬಿಗೆ ಅದನ್ನು ಚುಚ್ಚಿದ. ಒಂದೊಂದೇ ಹಾಡು ದಾಟಿಸುತ್ತ ಹೋದ. ಕೊನೆಗೆ ಸಣ್ಣ ನೀಲಿ ಕಿಂಡಿಯಲ್ಲಿ ಜಾಫರಸಾಬ ಎಂಬ ಹೆಸರು ಎಡದಿಂದ ಬಲಕ್ಕೆ ಸರಿಯಿತು.

ಯಲ್ಲೇಶ ದನಿಯನ್ನು ಪೂರ್ತಿ ಏರಿಸಿದ. ಟ್ರ್ಯಾಕ್ಟರಿನ ಚಪ್ಪರದಡಿ ಕಟ್ಟಿದ್ದ ದೊಡ್ಡ ಸ್ಪೀಕರುಗಳು ಒಮ್ಮೆ ಉಸಿರು ಬಿಟ್ಟಂತೆ ಸದ್ದು ಮಾಡಿದವು. ಶಹನಾಜ ಸೆರಗು ಕಚ್ಚಿ ನಿಂತಳು. ಬಸ್‌ಸ್ಟ್ಯಾಂಡಿನ ಗದ್ದಲ ಹಾಗೇ ನಡೆದಿತ್ತು. ಸ್ಪೀಕರಿನಿಂದ ಏನೂ ಬರಲಿಲ್ಲ, ಪೆನ್‌ಡ್ರೈವಿಗೆ ಬಂದದ್ದು ಹೆಸರಷ್ಟೇ. ಹೆಸರು ಅಳಿಸಿಹೋಯಿತು, ಮುಂದಿನ ಡಿಜೆ ಹಾಡು ಒದರಿತು, ಯಲ್ಲೇಶ ಬಡಿದಂತೆ ಅದನ್ನು ಬಂದ್ ಮಾಡಿದ. ಹಿಂದಕ್ಕೆ ಹೋಗಿ ಮತ್ತೊಮ್ಮೆ ಒತ್ತಿದ. ಹೆಸರು ಬಂತು, ಸರಿಯಿತು, ಹೋಯಿತು.

ಅಬ್ಬಾನಿಗೆ ಕೊಟ್ಟ ಮಾತನ್ನು ಮುರಿಯಲು ಹೋದರೂ ಶಹನಾಜಳಿಂದ ಆಗಲಿಲ್ಲ. ಪದ ಉಳಿಯಲಿಲ್ಲ, ಮಾತು ಉಳಿಯಿತು.